ಲಕೋಟೆಯ ಮೇಲೆ ಬರೆಯುವ ಹಕ್ಕು

ನಮ್ಮ ವಿಭಾಗದ ಇಮೇಲ್ ಸರ್ವರ್ ಹಳೆಯದಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗ ಒಳ್ಳೆಯ ಕೆಲಸ ಸಿಕ್ಕಿ ಬೇರೆ ಊರಿಗೆ ಹೊರಟುಹೋದ. ಹೋದ ವರ್ಷದ ಸೆಮಿಸ್ಟರ್ ರಜೆಯಲ್ಲಿ ಎಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಬೇಕಾಗಿ ಬಂದಾಗ ನನ್ನ ಮಾರ್ಗದರ್ಶಕರು ನನ್ನ ಕಡೆ ನೋಡಿದರು. "ನೀನು ಕಂಪ್ಯೂಟರ್ ಇತಿಹಾಸದ ಮೇಲೇ ಅಲ್ವೇನಮ್ಮ ಪಿಎಚ್.ಡಿ. ಮಾಡ್ತಿರೋದು? ಸ್ವಲ್ಪ ನೋಡು" ಎಂದರು. ರೈಲಿನ ಇತಿಹಾಸ ಬರೆಯುವವರಿಗೆ ಎಂಜಿನ್ ಓಡಿಸಲೂ ಬರುತ್ತದೆ ಎಂದು ಯಾರೂ ನಂಬುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಆ ನಂಬಿಕೆ ಗಟ್ಟಿಯಾಗಿದೆ. ನಾನೂ ಇಲ್ಲ ಎನ್ನಲಿಲ್ಲ.

ಸರ್ವರ್‌ನಲ್ಲಿ ಓಡುತ್ತಿದ್ದ ತಂತ್ರಾಂಶದ ಹೆಸರು ಪೋಸ್ಟ್‌ಫಿಕ್ಸ್. ಬಂದ ಪತ್ರವನ್ನು ತೆಗೆದುಕೊಳ್ಳುವುದು, ವಿಳಾಸ ಓದುವುದು, ಬೇಕಿದ್ದರೆ ತಿದ್ದುವುದು, ಸರಿಯಾದ ಪೆಟ್ಟಿಗೆಗೆ ಹಾಕುವುದು ಅದರ ಕೆಲಸ. ಅದರ ಸೆಟ್ಟಿಂಗ್‌ಗಳನ್ನೆಲ್ಲ ಪಟ್ಟಿ ಮಾಡು ಎಂದು ಕೇಳಿದರೆ ನೂರಾರು ಸಾಲು ಪರದೆಯ ಮೇಲೆ ಸುರಿಯುತ್ತವೆ. ಆ ಸಾಲುಗಳ ನಡುವೆ ಒಂದು ಹೆಸರು ಕಣ್ಣಿಗೆ ಬಿತ್ತು: 'ಸ್ವಾಪ್ ಬ್ಯಾಂಗ್‌ಪಾತ್'. ಎದುರಿಗೆ 'ಯೆಸ್' ಎಂದಿತ್ತು. ಇನ್ನೊಂದೆಡೆ 'ಅಲೋ ಪರ್ಸೆಂಟ್ ಹ್ಯಾಕ್'. ಅದಕ್ಕೂ 'ಯೆಸ್'. ಇವು ನಾನು ಹುಟ್ಟುವುದಕ್ಕೂ ಮೊದಲಿನ ವಿಳಾಸ ಪದ್ಧತಿಗಳ ಹೆಸರುಗಳು. ಇವತ್ತು ಅಂಥ ವಿಳಾಸ ಬರೆಯುವವರು ಇಲ್ಲವೆಂದೇ ಹೇಳಬಹುದು. ಆದರೂ ನಮ್ಮ ಸರ್ವರ್ ಅಂಥವರಿಗಾಗಿ ಬಾಗಿಲು ತೆರೆದಿಟ್ಟು ಕಾಯುತ್ತಿತ್ತು.

ಆ ಎರಡು ಸಾಲುಗಳನ್ನು ನೋಡಿ ನಕ್ಕು ಮುಂದೆ ಹೋದೆ. ನಾಲ್ಕು ತಿಂಗಳ ನಂತರ, ನಾನು ಮಾಡಿದ ಒಂದು ತಪ್ಪು ಹೊರಬಿದ್ದಾಗ, ಮತ್ತೆ ಅಲ್ಲಿಗೇ ಹಿಂದಿರುಗಿ ಬರಬೇಕಾಯಿತು. ವಿಳಾಸವನ್ನು ತಿದ್ದುವ ಹಕ್ಕು ಯಾರಿಗಿದೆ, ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆಗೆ ಐವತ್ತು ವರ್ಷಗಳ ಚರಿತ್ರೆ ಇದೆ. ನಾನು ಅದನ್ನು ಓದಿದ್ದೆ, ಆದರೆ ಕಲಿತಿರಲಿಲ್ಲ.

ವಿಳಾಸವೆಂದರೆ ದಾರಿ

1971ರಲ್ಲಿ ಅಮೆರಿಕದ ಕೇಂಬ್ರಿಜ್‌ನ ಬಿಬಿಎನ್ ಕಂಪನಿಯಲ್ಲಿ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರ್ ಒಂದು ಯಂತ್ರದಿಂದ ಪಕ್ಕದಲ್ಲೇ ಇದ್ದ ಇನ್ನೊಂದು ಯಂತ್ರಕ್ಕೆ ಅರ್ಪಾನೆಟ್ ಜಾಲದ ಮೂಲಕ ಪತ್ರ ಕಳಿಸಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವರು ಆರಿಸಿಕೊಂಡ ಗುರುತು @. ಈ ಯಂತ್ರದಲ್ಲಿರುವ ಇಂಥವರು ಎಂದು ಅದರ ಅರ್ಥ. ಅರ್ಪಾನೆಟ್‌ನಲ್ಲಿ ಆಗ ಇದ್ದ ಯಂತ್ರಗಳೇ ಬೆರಳೆಣಿಕೆಯವು. ಎಲ್ಲ ಯಂತ್ರಗಳ ಹೆಸರನ್ನೂ ಒಂದೇ ಕಡತದಲ್ಲಿ ಬರೆದಿಡಬಹುದಿತ್ತು. ಮುಂದೆ ಆ ಕಡತವನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನೋಡಿಕೊಳ್ಳುತ್ತಿತ್ತು. ಊರಿನಲ್ಲಿ ಇಪ್ಪತ್ತು ಮನೆಗಳಿದ್ದರೆ ಅಂಚೆಯಣ್ಣನಿಗೆ ಬರೀ ಹೆಸರು ಸಾಕಾಗುತ್ತದಲ್ಲ, ಹಾಗೆ.

ಆದರೆ ಅರ್ಪಾನೆಟ್ ಎಲ್ಲರಿಗೂ ಸಿಗುತ್ತಿರಲಿಲ್ಲ. ಅದು ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುವ ಜಾಲ, ಒಳಗೆ ಬರಲು ಅನುಮತಿ ಬೇಕು. ಹೊರಗುಳಿದವರಿಗೆ ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ ಬರೆದ ಯುಯುಸಿಪಿ ಎಂಬ ತಂತ್ರಾಂಶ ನೆರವಾಯಿತು. 1979ರಲ್ಲಿ ಯೂನಿಕ್ಸ್‌ನ ಏಳನೆಯ ಆವೃತ್ತಿಯ ಜೊತೆಗೆ ಅದು ಎಲ್ಲೆಡೆ ಹರಡಿತು. ಅದಕ್ಕೆ ಬೇಕಾಗಿದ್ದು ಒಂದು ಫೋನ್ ಮತ್ತು ಒಂದು ಮೋಡೆಮ್, ಅಷ್ಟೇ. ರಾತ್ರಿ ಫೋನ್ ದರ ಇಳಿದ ಮೇಲೆ ಒಂದು ಯಂತ್ರ ಇನ್ನೊಂದಕ್ಕೆ ಕರೆ ಮಾಡಿ ಪತ್ರಗಳ ಕಟ್ಟನ್ನು ದಾಟಿಸುತ್ತಿತ್ತು. ಆ ಯಂತ್ರ ಮುಂದಿನದಕ್ಕೆ, ಅದು ಅದರ ಮುಂದಿನದಕ್ಕೆ.

ಇಲ್ಲಿ ಎಲ್ಲ ಯಂತ್ರಗಳನ್ನೂ ಬಲ್ಲ ಒಬ್ಬರಿರಲಿಲ್ಲ. ಆದ್ದರಿಂದ ದಾರಿಯನ್ನು ಪತ್ರ ಬರೆಯುವವರೇ ಹೇಳಬೇಕು. ರಾಮನಿಗೆ ಪತ್ರ ಬರೆಯುವುದಾದರೆ ವಿಳಾಸ ಹೀಗೆ: ಕ!ಖ!ಗ!ರಾಮ. ಮೊದಲು ಕ ಯಂತ್ರಕ್ಕೆ ಹೋಗು, ಅಲ್ಲಿಂದ ಖ, ಅಲ್ಲಿಂದ ಗ, ಅಲ್ಲಿ ರಾಮನನ್ನು ಕೇಳು. ಆಶ್ಚರ್ಯಸೂಚಕ ಚಿಹ್ನೆಗೆ ಅಮೆರಿಕದ ಕಂಪ್ಯೂಟರ್ ಮಂದಿ ಬ್ಯಾಂಗ್ ಎನ್ನುತ್ತಿದ್ದರು. ಹಾಗಾಗಿ ಇದು ಬ್ಯಾಂಗ್‌ಪಾತ್. "ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅರಳಿಕಟ್ಟೆ ದಾಟಿ, ಹಿಟ್ಟಿನ ಗಿರಣಿ ಪಕ್ಕದ ಓಣಿಯಲ್ಲಿ ಕೇಳಿ, ಯಾರು ಬೇಕಾದರೂ ತೋರಿಸ್ತಾರೆ" ಎಂದು ನಮ್ಮ ಕಡೆ ವಿಳಾಸ ಹೇಳುವುದಿಲ್ಲವೇ? ಅದೇ ಕ್ರಮ.

ಇದರಲ್ಲಿ ಒಂದು ಸೊಗಸಾದ ತೊಡಕಿತ್ತು. ನಿಮ್ಮ ವಿಳಾಸ ಏನು ಎಂದು ಕೇಳಿದರೆ ಒಂದೇ ಉತ್ತರ ಇರಲಿಲ್ಲ. ಎಲ್ಲಿಂದ ಹೊರಡುತ್ತೀರಿ ಎಂಬುದರ ಮೇಲೆ ದಾರಿ ಬದಲಾಗುತ್ತದೆ. ಅದಕ್ಕೆ ಜನ ತಮ್ಮ ಪತ್ರದ ಕೊನೆಯಲ್ಲಿ ಎಲ್ಲರಿಗೂ ಗೊತ್ತಿರುವ ಎರಡು ಮೂರು ದೊಡ್ಡ ಯಂತ್ರಗಳ ಹೆಸರು ಕೊಟ್ಟು, ಅಲ್ಲಿಂದ ತಮ್ಮ ಮನೆಗೆ ದಾರಿ ಬರೆಯುತ್ತಿದ್ದರು. ಡೆಕ್‌ವ್ಯಾಕ್ಸ್, ಯುಸಿಬಿವ್ಯಾಕ್ಸ್, ಐಎಚ್‌ಎನ್‌ಪಿ4 ಇವು ಆ ಕಾಲದ ಜಂಕ್ಷನ್‌ಗಳು. ಅರಸೀಕೆರೆಗೆ ಬಂದುಬಿಡಿ, ಅಲ್ಲಿಂದ ಸುಲಭ ಎಂದಂತೆ.

ಇನ್ನೊಂದು ಸಂಗತಿಯೂ ಇದೆ, ಮುಂದೆ ಬೇಕಾಗುತ್ತದೆ. ಪತ್ರ ಒಂದೊಂದು ಯಂತ್ರ ದಾಟಿದಂತೆ ಆ ಯಂತ್ರದ ಹೆಸರು ಕಳಿಸಿದವರ ವಿಳಾಸದ ಮುಂದೆ ಸೇರುತ್ತ ಹೋಗುತ್ತಿತ್ತು. ಹಾಗೆ ಸೇರದಿದ್ದರೆ ಪತ್ರ ಪಡೆದವರಿಗೆ ಉತ್ತರ ಬರೆಯಲು ದಾರಿಯೇ ಗೊತ್ತಾಗುತ್ತಿರಲಿಲ್ಲ. ಆ ಲೋಕದಲ್ಲಿ ನಡುವಿನವರು ವಿಳಾಸ ತಿದ್ದುವುದು ಅಪರಾಧ ಆಗಿರಲಿಲ್ಲ, ಉಪಕಾರವಾಗಿತ್ತು.

ಬರ್ಕ್‌ಲಿಯ ಒಂದು ಯಂತ್ರ

1970ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಆವರಣದಲ್ಲಿ ಅರ್ಪಾನೆಟ್‌ಗೆ ಸಂಪರ್ಕವಿದ್ದ ಯಂತ್ರ ಇಂಗ್ರೆಸ್ ಎಂಬ ಡೇಟಾಬೇಸ್ ಯೋಜನೆಗೆ ಸೇರಿದ್ದು. ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಅವರ ಯೋಜನೆ ಅದು. ಎರಿಕ್ ಆಲ್‌ಮನ್ ಅಲ್ಲಿ ಕೆಲಸ ಮಾಡುತ್ತಿದ್ದ ತರುಣ. ಆವರಣದ ಇತರರಿಗೆಲ್ಲ ಅರ್ಪಾನೆಟ್‌ನ ಮೇಲ್ ಬೇಕು, ಅದಕ್ಕಾಗಿ ಈ ಯಂತ್ರದಲ್ಲಿ ಖಾತೆ ಬೇಕು. ಯಂತ್ರಕ್ಕೆ ಹೊರಗಿನಿಂದ ಸೇರಲು ಇದ್ದ ಕಿಂಡಿಗಳು ತೀರ ಕಡಿಮೆ. ದಿನವೂ ಜಗಳ.

ಆಲ್‌ಮನ್ ಯೋಚಿಸಿದ್ದು ಸರಳವಾಗಿತ್ತು. ಜನರಿಗೆ ಬೇಕಾಗಿರುವುದು ಈ ಯಂತ್ರವಲ್ಲ, ತಮ್ಮ ಪತ್ರ. ಪತ್ರವನ್ನೇ ಅವರವರ ಯಂತ್ರಕ್ಕೆ ತಲುಪಿಸಿಬಿಟ್ಟರೆ ಯಾರೂ ಇಲ್ಲಿಗೆ ಬರಬೇಕಾಗಿಲ್ಲ. 1979ರಲ್ಲಿ ಅವರು 'ಡೆಲಿವರ್‌ಮೇಲ್' ಎಂಬ ತಂತ್ರಾಂಶ ಬರೆದರು.

ಆ ಹೊತ್ತಿಗೆ ಬರ್ಕ್‌ಲಿಯಲ್ಲಿ ಮೂರು ಜಾಲಗಳಿದ್ದವು. ಅರ್ಪಾನೆಟ್‌ಗೆ @, ಯುಯುಸಿಪಿಗೆ !. ಮೂರನೆಯದು ಆವರಣದೊಳಗಿನ ಬರ್ಕ್‌ನೆಟ್. ಅದನ್ನು ಕಟ್ಟಿದ ವಿದ್ಯಾರ್ಥಿ ಎರಿಕ್ ಸ್ಮಿಟ್, ಮುಂದೆ ಗೂಗಲ್‌ನ ಮುಖ್ಯಸ್ಥರಾದವರು. ಅಲ್ಲಿ ವಿಳಾಸದ ಗುರುತು :. ಡೆಲಿವರ್‌ಮೇಲ್ ವಿಳಾಸದಲ್ಲಿರುವ ಚಿಹ್ನೆ ನೋಡಿ ಯಾವ ಜಾಲ ಎಂದು ಊಹಿಸುತ್ತಿತ್ತು. ಅದರ ನಿಯಮಗಳೆಲ್ಲ ತಂತ್ರಾಂಶದ ಒಳಗೇ ಹೊಲಿದುಬಿಟ್ಟಿದ್ದವು. ಹೊಸ ಯಂತ್ರವೊಂದು ಬಂದರೆ ತಂತ್ರಾಂಶವನ್ನೇ ಮತ್ತೆ ಕಟ್ಟಬೇಕು.

ಚಿಹ್ನೆ ಒಂದೇ ಇದ್ದಾಗ ಎಲ್ಲ ಸರಿ. ಕ!ರಾಮ@ಖ ಎಂದು ಬಂದರೆ? ಅರ್ಪಾನೆಟ್‌ನವರು ಬಲಗಡೆಯಿಂದ ಓದುತ್ತಾರೆ: ಮೊದಲು ಖಗೆ ಕಳಿಸು, ಅದು ಕ!ರಾಮ ಎಂಬುದನ್ನು ನೋಡಿಕೊಳ್ಳುತ್ತದೆ. ಯುಯುಸಿಪಿಯವರು ಎಡಗಡೆಯಿಂದ: ಮೊದಲು ಕಗೆ ಕಳಿಸು, ಅದು ರಾಮ@ಖ ಎಂಬುದನ್ನು ನೋಡಿಕೊಳ್ಳುತ್ತದೆ. ಎರಡೂ ಅವರವರ ಮನೆಯಲ್ಲಿ ಸರಿ. ಒಂದೇ ಸಾಲು, ಎರಡು ಊರು. ಈ ಗೊಂದಲ ತಪ್ಪಿಸಲು ಕೆಲವರು % ಚಿಹ್ನೆಯನ್ನು ತಂದರು. ರಾಮ%ಕ@ಖ ಎಂದರೆ ನಿಸ್ಸಂದೇಹವಾಗಿ ಮೊದಲು ಖ. ಅಲ್ಲಿ % ಹೋಗಿ @ ಆಗುತ್ತದೆ, ಪತ್ರ ಕಗೆ ಹೋಗುತ್ತದೆ. ನಮ್ಮ ಸರ್ವರ್‌ನಲ್ಲಿ ನಾನು ಕಂಡ 'ಪರ್ಸೆಂಟ್ ಹ್ಯಾಕ್' ಇದೇ.

1983ರಲ್ಲಿ ಬರ್ಕ್‌ಲಿಯ ಯೂನಿಕ್ಸ್ ಇಂಟರ್ನೆಟ್‌ನ ಹೊಸ ನಿಯಮಗಳೊಂದಿಗೆ ಹೊರಬಂದಾಗ ಡೆಲಿವರ್‌ಮೇಲ್ ಜಾಗದಲ್ಲಿ ಆಲ್‌ಮನ್ ಬರೆದ 'ಸೆಂಡ್‌ಮೇಲ್' ಇತ್ತು. ಈ ಬಾರಿ ನಿಯಮಗಳನ್ನು ಹೊರಗೆ, ಒಂದು ಕಡತದಲ್ಲಿ ಬರೆಯಬಹುದಿತ್ತು. ಜಗತ್ತು ಸೆಂಡ್‌ಮೇಲ್‌ಗೆ ಹೊಂದಿಕೊಳ್ಳಬೇಕಾಗಿಲ್ಲ, ಸೆಂಡ್‌ಮೇಲ್ ಜಗತ್ತಿಗೆ ಹೊಂದಿಕೊಳ್ಳಬೇಕು ಎಂಬುದು ತಮ್ಮ ಧೋರಣೆಯಾಗಿತ್ತು ಎಂದು ಆಲ್‌ಮನ್ ಬಹಳ ವರ್ಷಗಳ ನಂತರ ಬರೆದಿದ್ದಾರೆ. ಯಾರು ಎಂಥ ವಿಳಾಸ ಬರೆದರೂ ಅದನ್ನು ತಳ್ಳಿಹಾಕದೆ, ತಿದ್ದಿ, ಹೇಗಾದರೂ ಮುಟ್ಟಿಸುವುದು.

ತಿದ್ದುವ ವಿಧಾನ ಹೀಗಿತ್ತು. ವಿಳಾಸವನ್ನು ಚೂರುಚೂರು ಮಾಡುವುದು. ಪ್ರತಿಯೊಂದು ನಿಯಮಕ್ಕೂ ಎಡಭಾಗ, ಬಲಭಾಗ. ವಿಳಾಸ ಎಡಭಾಗದ ಮಾದರಿಗೆ ಹೊಂದಿದರೆ ಅದನ್ನು ಬಲಭಾಗದಂತೆ ತಿದ್ದಿ ಬರೆಯುವುದು. ಮತ್ತೆ ಹೊಂದಿದರೆ ಮತ್ತೆ ತಿದ್ದುವುದು; ಹೊಂದದೇ ಹೋಗುವ ತನಕ. ಇಂಥ ನಿಯಮಗಳ ಕಂತೆಗಳಿಗೆ ಸಂಖ್ಯೆಗಳು. 3ನೆಯ ಕಂತೆ ಎಲ್ಲ ಬಗೆಯ ವಿಳಾಸಗಳನ್ನೂ ಒಂದೇ ರೂಪಕ್ಕೆ ತರುತ್ತಿತ್ತು. 0 ಸಂಖ್ಯೆಯ ಕಂತೆ ಕೊನೆಯ ತೀರ್ಮಾನ ಹೇಳುತ್ತಿತ್ತು: ಯಾವ ವಾಹನ, ಯಾವ ಯಂತ್ರ, ಯಾವ ವ್ಯಕ್ತಿ. ಸೂತ್ರಗಳಿಂದ ಪದ ಸಿದ್ಧಿಸುವ ವ್ಯಾಕರಣ ಓದಿದವರಿಗೆ ಇದು ಹೊಸದೆನಿಸದು. ಸಂಧಿಯಲ್ಲಿ ಲೋಪ, ಆಗಮ, ಆದೇಶ ಮಾಡಿದ ಹಾಗೆಯೇ ಇಲ್ಲಿಯೂ ಅಕ್ಷರ ಹೋಗುತ್ತದೆ, ಬರುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಕೂರುತ್ತದೆ.

ಶಕ್ತಿ ಹೆಚ್ಚಿದಷ್ಟೂ ಅಪಾಯ. ನಿಯಮ ತಪ್ಪಿದರೆ ತಿದ್ದುವುದು ನಿಲ್ಲುತ್ತಲೇ ಇರಲಿಲ್ಲ. ಎಡ ಬಲ ಭಾಗಗಳ ನಡುವೆ ಟ್ಯಾಬ್ ಇರಬೇಕು, ಖಾಲಿ ಜಾಗ ಒತ್ತಿದರೆ ನಡೆಯದು. ನೋಡುವ ಕಣ್ಣಿಗೆ ಎರಡೂ ಒಂದೇ. ಅದು ತಮ್ಮ ತಪ್ಪು ನಿರ್ಧಾರಗಳಲ್ಲಿ ಒಂದು ಎಂದು ಆಲ್‌ಮನ್ ಅವರೇ ಒಪ್ಪಿಕೊಂಡಿದ್ದಾರೆ. ಸೆಂಡ್‌ಮೇಲ್ ಬಗ್ಗೆ ಬ್ರಯನ್ ಕಾಸ್ಟೇಲ್ಸ್ ಬರೆದ, ಮುಖಪುಟದಲ್ಲಿ ಬಾವಲಿಯ ಚಿತ್ರವಿರುವ ಪುಸ್ತಕ ಮುಂದಿನ ಆವೃತ್ತಿಗಳಲ್ಲಿ ಸಾವಿರ ಪುಟ ದಾಟಿತು. ಪತ್ರ ಮುಟ್ಟಿಸುವುದಕ್ಕೆ ಸಾವಿರ ಪುಟ.

ತಿದ್ದುವವರ ಹುಮ್ಮಸ್ಸು

ಸಹಾಯ ಮಾಡುವ ಹುಮ್ಮಸ್ಸು ಹಾನಿ ಮಾಡಿದ ಕಥೆಗಳೂ ಈ ಕಾಲದವೇ.

ಬ್ಯಾಂಗ್‌ಪಾತ್ ಬರೆಯುವ ಕಷ್ಟ ತಪ್ಪಿಸಲು ಸ್ಟೀವ್ ಬೆಲೊವಿನ್ ಮತ್ತು ಪೀಟರ್ ಹನಿಮನ್ 'ಪಾತ್‌ಏಲಿಯಸ್' ಎಂಬ ತಂತ್ರಾಂಶ ಮಾಡಿದರು. ಯಾವ ಯಂತ್ರ ಯಾವುದಕ್ಕೆ ಕರೆ ಮಾಡುತ್ತದೆ ಎಂಬ ನಕ್ಷೆಗಳನ್ನು ಕೊಟ್ಟರೆ ಅದು ಅಗ್ಗದ ದಾರಿ ಹುಡುಕಿ ಕೊಡುತ್ತಿತ್ತು. ಒಳ್ಳೆಯದೇ. ಆದರೆ ಕೆಲವು ಯಂತ್ರಗಳ ಮೇಲ್ವಿಚಾರಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಮ್ಮ ಮೂಲಕ ಹಾದುಹೋಗುವ ಪತ್ರದ ಮೇಲೆ ಕಳಿಸಿದವರು ಬರೆದ ದಾರಿಯನ್ನು ಕಿತ್ತುಹಾಕಿ, "ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತು" ಎಂದು ತಮ್ಮದೇ ದಾರಿ ಬರೆದು ಕಳಿಸಲು ಶುರುಮಾಡಿದರು. ಯುಯುಸಿಪಿ ಲೋಕದಲ್ಲಿ ಒಂದೇ ಹೆಸರಿನ ಎರಡು ಯಂತ್ರಗಳಿರುವುದು ಅಪರೂಪವಲ್ಲ. ಕಳಿಸಿದವರಿಗೆ ಬೇಕಾದ ಗ ಒಂದು, ನಕ್ಷೆಯಲ್ಲಿದ್ದ ಗ ಇನ್ನೊಂದು. ಪತ್ರ ಅಪರಿಚಿತರ ಯಂತ್ರಕ್ಕೆ ಹೋಗಿ ಬೀಳುತ್ತಿತ್ತು. ಮೂಲ ದಾರಿಯಲ್ಲಿ ಹೋಗಿದ್ದರೆ ನಿಧಾನವಾಗಿಯಾದರೂ ಮುಟ್ಟುತ್ತಿತ್ತು. ಇದರ ಬಗ್ಗೆ ಆ ಕಾಲದಲ್ಲಿ ದೊಡ್ಡ ವಾಗ್ವಾದಗಳೇ ನಡೆದವು.

ಇನ್ನೊಂದು ಬ್ರಿಟನ್ನಿನದು. ಅಲ್ಲಿನ ವಿಶ್ವವಿದ್ಯಾಲಯಗಳ ಜಾಲವಾದ ಜ್ಯಾನೆಟ್‌ನಲ್ಲಿ ವಿಳಾಸವನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯುತ್ತಿದ್ದರು: ಮೊದಲು ದೇಶ, ಆಮೇಲೆ ಶಿಕ್ಷಣ ವಲಯ, ವಿಶ್ವವಿದ್ಯಾಲಯ, ಕೊನೆಗೆ ವಿಭಾಗ. ಇಂಟರ್ನೆಟ್‌ನದು ತಿರುಗಾಮುರುಗಾ. ನಮ್ಮ ಪಹಣಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಇಳಿಯುತ್ತದೆ. ಲಕೋಟೆಯ ಮೇಲೆ ಊರು, ತಾಲ್ಲೂಕು, ಜಿಲ್ಲೆ ಎಂದು ಏರುತ್ತದೆ. ಎರಡು ಕ್ರಮಗಳ ನಡುವಿನ ಸೇತುವೆಯಲ್ಲಿ ವಿಳಾಸವನ್ನು ತಿರುಗಿಸುವ ತಂತ್ರಾಂಶ ಕೂತಿತ್ತು. ಕಂಪ್ಯೂಟರ್ ಸೈನ್ಸ್ ವಿಭಾಗಗಳ ಹೆಸರು 'ಸಿಎಸ್'. ಆಗಿನ ಚೆಕೊಸ್ಲೊವಾಕಿಯಾ ದೇಶದ ಸಂಕೇತವೂ 'ಸಿಎಸ್'. ಕೊನೆಯಲ್ಲಿ ಸಿಎಸ್ ಕಂಡ ಯಂತ್ರ ಇದು ಬ್ರಿಟನ್ನಿನ ಒಂದು ವಿಭಾಗವೋ ಪೂರ್ವ ಯುರೋಪಿನ ಒಂದು ದೇಶವೋ ಎಂದು ಊಹಿಸಬೇಕಾಗುತ್ತಿತ್ತು.

ಮೂರನೆಯ ಪ್ರಕರಣ ಎಲ್ಲರಿಗೂ ಗೊತ್ತಿರುವುದು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ 'ಹುಳು' ಸಾವಿರಾರು ಯಂತ್ರಗಳನ್ನು ಕೆಡವಿತು. ಅದು ಬಳಸಿದ ದಾರಿಗಳಲ್ಲಿ ಒಂದು ಸೆಂಡ್‌ಮೇಲ್. ಪತ್ರವನ್ನು ಪೆಟ್ಟಿಗೆಗೆ ಮಾತ್ರವಲ್ಲ, ಒಂದು ಪ್ರೋಗ್ರಾಮಿನ ಬಾಯಿಗೂ ಹಾಕಬಲ್ಲ ಸೌಲಭ್ಯ ಸೆಂಡ್‌ಮೇಲ್‌ಗಿತ್ತು. ಪರೀಕ್ಷೆಗೆಂದು ಇಟ್ಟಿದ್ದ ಡೀಬಗ್ ಕಿಂಡಿ ಬಹಳ ಯಂತ್ರಗಳಲ್ಲಿ ತೆರೆದೇ ಉಳಿದಿತ್ತು. ಆ ಕಿಂಡಿಯಿಂದ ಹೊರಗಿನವರೂ ಸ್ವೀಕರಿಸುವವರ ಜಾಗದಲ್ಲಿ ವ್ಯಕ್ತಿಯ ಹೆಸರಿನ ಬದಲು ಆಜ್ಞೆಯನ್ನೇ ಬರೆಯಬಹುದಾಗಿತ್ತು. ಯಂತ್ರ ಅದನ್ನು ವಿಳಾಸವೆಂದು ನಂಬಿ ಪಾಲಿಸಿತು.

ದಾರಿಯಿಂದ ಹೆಸರಿಗೆ

ಇವುಗಳಿಂದ ಹೊರಬಂದದ್ದು ಹೇಗೆ? 1982ರ ಆಗಸ್ಟ್‌ನಲ್ಲಿ ಬಂದ ಎರಡು ದಾಖಲೆಗಳಲ್ಲೇ ಅದರ ಬೀಜವಿತ್ತು. ಜಾನ್ ಪೋಸ್ಟೆಲ್ ಬರೆದ ಆರ್‌ಎಫ್‌ಸಿ 821, ಡೇವಿಡ್ ಕ್ರಾಕರ್ ಬರೆದ ಆರ್‌ಎಫ್‌ಸಿ 822. ಮೊದಲನೆಯದು ಲಕೋಟೆಯ ಬಗ್ಗೆ: ಒಂದು ಯಂತ್ರ ಇನ್ನೊಂದಕ್ಕೆ "ಇದು ಇಂಥವರಿಂದ, ಇಂಥವರಿಗೆ" ಎಂದು ಹೇಳುವ ಮಾತು. ಎರಡನೆಯದು ಒಳಗಿನ ಕಾಗದದ ಬಗ್ಗೆ: ಪತ್ರದ ತಲೆಯಲ್ಲಿ ನಾವು ನೀವು ಕಾಣುವ 'ಇಂದ', 'ಗೆ', 'ವಿಷಯ'. ಎರಡೂ ಕಡೆ ವಿಳಾಸಗಳಿವೆ, ಆದರೆ ಎರಡೂ ಬೇರೆ. ಲಕೋಟೆ ಅಂಚೆಯವರದು, ಕಾಗದ ಬರೆದವರದು.

ಆಮೇಲೆ ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡಿಎನ್‌ಎಸ್ ಎಂಬ ಹೆಸರಿನ ವ್ಯವಸ್ಥೆಯನ್ನು ಮುಂದಿಟ್ಟರು. 1986ರಲ್ಲಿ ಕ್ರೇಗ್ ಪಾರ್ಟ್ರಿಜ್ ಅದರಲ್ಲಿ ಎಂಎಕ್ಸ್ ದಾಖಲೆಯ ಬಳಕೆಯನ್ನು ವಿವರಿಸಿದರು. ಈ ಹೆಸರಿನವರ ಪತ್ರವನ್ನು ಯಾವ ಯಂತ್ರ ತೆಗೆದುಕೊಳ್ಳುತ್ತದೆ ಎಂಬ ಉತ್ತರವನ್ನು ಆ ಹೆಸರಿನ ಒಡೆಯರೇ ಪ್ರಕಟಿಸಬಹುದು. ಅಲ್ಲಿಗೆ ದಾರಿ ಹೇಳುವ ಹೊಣೆ ಬರೆಯುವವರ ಹೆಗಲಿನಿಂದ ಇಳಿಯಿತು. ವಿಳಾಸ ದಾರಿಯಾಗಿದ್ದದ್ದು ಹೆಸರಾಯಿತು. ಜೊತೆಗೆ ಒಂದು ನಿಯಮವೂ ಗಟ್ಟಿಯಾಯಿತು: @ ಗುರುತಿನ ಎಡಗಡೆ ಏನಿದೆಯೋ ಅದರ ಅರ್ಥ ಹೇಳುವ ಅಧಿಕಾರ ಬಲಗಡೆಯ ಮನೆಯವರಿಗೆ ಮಾತ್ರ. ನಡುವಿನವರು ಅದನ್ನು ಓದಿ ಅರ್ಥ ಕಟ್ಟಕೂಡದು.

1998ರ ಡಿಸೆಂಬರ್‌ನಲ್ಲಿ ಐಬಿಎಂನ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿದ್ದ ಡಚ್ ವಿಜ್ಞಾನಿ ವೀಟ್ಸೆ ವೆನೆಮಾ ಪೋಸ್ಟ್‌ಫಿಕ್ಸ್ ಅನ್ನು ಹೊರತಂದಾಗ ಈ ಪಾಠಗಳೆಲ್ಲ ಅದರ ಬೆನ್ನಿಗಿದ್ದವು. ಒಂದು ದೊಡ್ಡ ತಂತ್ರಾಂಶದ ಜಾಗದಲ್ಲಿ ಹಲವು ಚಿಕ್ಕವು, ಪ್ರತಿಯೊಂದಕ್ಕೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ವಿಳಾಸ ತಿದ್ದುವ ಚಿಕ್ಕ ತಂತ್ರಾಂಶಕ್ಕೆ ವೆನೆಮಾ ಇಟ್ಟ ಹೆಸರು 'ಟ್ರಿವಿಯಲ್ ರೀರೈಟ್', ಅಂದರೆ ಕ್ಷುಲ್ಲಕ ತಿದ್ದುಪಡಿ. ಒಂದು ಕಾಲದ ಸಾವಿರ ಪುಟದ ವಿದ್ಯೆ ಇಲ್ಲಿ ಕ್ಷುಲ್ಲಕ. ಹಳೆಯ ಬ್ಯಾಂಗ್‌ಪಾತ್ ಬಂದರೆ ಅದನ್ನು ತಿರುಗಿಸಿ @ ರೂಪಕ್ಕೆ ತರುವುದು, ಹಳೆಯ % ಬಂದರೆ ಬದಲಿಸುವುದು ಅದರ ಪಾಲಿನ ಕೆಲಸ.

ಉಳಿದ ತಿದ್ದುಪಡಿಗಳಿಗೆ ಬೇರೆ ಬೇರೆ ಕಡತಗಳು. 'ಕೆನಾನಿಕಲ್' ಕಡತದಲ್ಲಿ ಬರೆದದ್ದು ಲಕೋಟೆಯನ್ನೂ ಕಾಗದದ ತಲೆಯನ್ನೂ, ಕಳಿಸಿದವರನ್ನೂ ಪಡೆಯುವವರನ್ನೂ ತಿದ್ದುತ್ತದೆ. 'ವರ್ಚುವಲ್' ಕಡತದಲ್ಲಿ ಬರೆದದ್ದು ಲಕೋಟೆಯ ಮೇಲೆ ಪಡೆಯುವವರ ಹೆಸರನ್ನು ಮಾತ್ರ ತಿದ್ದುತ್ತದೆ. ಮನೆ ಬದಲಿಸಿದವರ ಪತ್ರದ ಮೇಲೆ ಅಂಚೆಯಣ್ಣ ಹಳೆಯ ವಿಳಾಸಕ್ಕೆ ಗೆರೆ ಎಳೆದು ಹೊಸದನ್ನು ಬರೆದ ಹಾಗೆ. 'ಟ್ರಾನ್ಸ್‌ಪೋರ್ಟ್' ಏನನ್ನೂ ತಿದ್ದುವುದಿಲ್ಲ, ಯಾವ ಚೀಲಕ್ಕೆ ಹಾಕಬೇಕು ಎಂದಷ್ಟೇ ಹೇಳುತ್ತದೆ. 'ಏಲಿಯಸ್' ಕೊನೆಯ ಬಾಗಿಲಿನದು: ಮನೆಗೆ ಬಂದ ಪತ್ರವನ್ನು ಒಳಗೆ ಯಾರಿಗೆ ಕೊಡಬೇಕು ಎಂಬುದು.

ಇದೆಲ್ಲವನ್ನೂ ನಾನು ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕಾಗಿ ಟಿಪ್ಪಣಿ ಮಾಡಿಕೊಂಡಿದ್ದೆ.

ಒಂದು ಸಾಲು, ತಪ್ಪು ಕಡತ

ನಮ್ಮ ವಿಭಾಗದ ಕಚೇರಿಗೆ ಒಂದು ಸಾಮಾನ್ಯ ವಿಳಾಸವಿದೆ. ಅದಕ್ಕೆ ಬಂದ ಪತ್ರಗಳು ಕಚೇರಿ ನೋಡಿಕೊಳ್ಳುವ ಅಕ್ಕನ ಪೆಟ್ಟಿಗೆಗೆ ಹೋಗಬೇಕಿತ್ತು. ಒಂದು ಸಾಲಿನ ಕೆಲಸ. ಆ ಸಾಲನ್ನು ನಾನು ವರ್ಚುವಲ್ ಕಡತದಲ್ಲಿ ಬರೆಯಬೇಕಿತ್ತು, ಕೆನಾನಿಕಲ್‌ನಲ್ಲಿ ಬರೆದೆ. ಪರೀಕ್ಷೆಗೆಂದು ಕಚೇರಿ ವಿಳಾಸಕ್ಕೆ ಒಂದು ಪತ್ರ ಹಾಕಿದೆ. ಅಕ್ಕನ ಪೆಟ್ಟಿಗೆಯಲ್ಲಿ ಬಂದು ಕೂತಿತು. ಮುಗಿಯಿತು ಎಂದುಕೊಂಡೆ. ಕಚೇರಿಯಿಂದ ಹೊರಗೆ ಹೋಗುವ ಪತ್ರವನ್ನು ಪರೀಕ್ಷಿಸುವ ಯೋಚನೆಯೇ ಬರಲಿಲ್ಲ.

ಹೊರಗೆ ಹೋಗುವ ಪತ್ರಗಳನ್ನು ಬರೆಯುವ ವೆಬ್‌ಮೇಲ್ ಅದೇ ಯಂತ್ರದಲ್ಲಿತ್ತು. ಹಾಗಾಗಿ ಸರ್ವರ್ ಅವನ್ನು ಮನೆಯೊಳಗಿನ ಪತ್ರಗಳೆಂದು ತಿಳಿದು ತಲೆಬರಹವನ್ನೂ ತಿದ್ದಿತು. ಕಚೇರಿಯ ಹೆಸರಿನಲ್ಲಿ ಹೊರಟ ಪ್ರತಿ ಸುತ್ತೋಲೆಯೂ ಅಕ್ಕನ ಸ್ವಂತ ವಿಳಾಸ ಹೊತ್ತು ಹೋಯಿತು. ಜನ ಉತ್ತರಿಸಿದ್ದೂ ಅದಕ್ಕೇ, ಉಳಿಸಿಟ್ಟುಕೊಂಡದ್ದೂ ಅದನ್ನೇ. ಅಕ್ಕ ಬಾಣಂತನಕ್ಕೆ ತವರಿಗೆ ಹೋದಾಗ ನಾನು ಆ ಸಾಲಿನಲ್ಲಿ ಹೊಸದಾಗಿ ಬಂದವರ ಹೆಸರು ಹಾಕಿದೆ. ಕಚೇರಿ ವಿಳಾಸಕ್ಕೆ ಬರೆದವರ ಪತ್ರಗಳು ಸರಿಯಾಗಿ ಬಂದವು. ಹಳೆಯ ಸುತ್ತೋಲೆಗೆ ಉತ್ತರಿಸಿದವರದು ತವರಿಗೆ ಹೋದ ಅಕ್ಕನ ಪೆಟ್ಟಿಗೆಯಲ್ಲಿ ಬೀಳುತ್ತ ಹೋದವು.

ಹೊರಬಿದ್ದದ್ದು ಒಬ್ಬ ಹಿರಿಯ ಸಂಶೋಧನಾರ್ಥಿಯಿಂದ. ಪ್ರಬಂಧ ಸಲ್ಲಿಸಲು ಹೆಚ್ಚುವರಿ ಅವಧಿ ಕೇಳಿ ಅವರು ಗಡುವಿಗೆ ಮೊದಲೇ ಬರೆದಿದ್ದರು. ಕಚೇರಿಯಲ್ಲಿ ಆ ಪತ್ರವೇ ಇಲ್ಲ. "ನೀವು ಕಳಿಸೇ ಇಲ್ಲ" ಎಂದು ಇವರು, "ಕಳಿಸಿದ್ದೀನಿ ಸಾರ್, ನೋಡಿ" ಎಂದು ಅವರು. ಅವರು ಮೊಬೈಲ್ ತೋರಿಸಿದಾಗ ವಿಳಾಸ ನೋಡಿದ ನನಗೆ ಕಾಲು ತಣ್ಣಗಾಯಿತು. ಅಕ್ಕನಿಗೆ ಫೋನ್ ಮಾಡಿದೆ. ಮಗು ಮಲಗಿಸಿ ಪೆಟ್ಟಿಗೆ ತೆರೆದು ನೋಡಿದ ಅಕ್ಕ ಹೇಳಿದ್ದು: "ಹದಿನೆಂಟು ಇದಾವಮ್ಮ. ನಂಗ್ಯಾಕೆ ಬರ್ತಾವೆ ಇವೆಲ್ಲ?" ಪತ್ರದ ತಾರೀಕು ಸಾಕ್ಷಿಯಾದ್ದರಿಂದ ಆ ಸಂಶೋಧನಾರ್ಥಿಗೆ ಅವಧಿ ಸಿಕ್ಕಿತು. ಆದರೆ ಎರಡು ವಾರ ಅವರು ಸುಳ್ಳುಗಾರರಾಗಿ ಓಡಾಡಿದ್ದರು. ಅದನ್ನು ನಾನು ಯಾವ ಕಡತದಲ್ಲೂ ತಿದ್ದಲಾರೆ.

ಸಹಾಯ ಮಾಡಲು ಹೋಗಿ ದಾರಿ ಕಿತ್ತು ಬರೆದ ಮೇಲ್ವಿಚಾರಕರನ್ನು ಓದುವಾಗ ನಾನು ಅವರನ್ನು ಅಹಂಕಾರಿಗಳು ಎಂದುಕೊಂಡಿದ್ದೆ. ಅವರಿಗೂ ಬಹುಶಃ ಪರೀಕ್ಷೆಯ ಪತ್ರ ಸರಿಯಾಗಿಯೇ ಮುಟ್ಟಿತ್ತು. ಲಕೋಟೆಯ ಮೇಲೆ ಬರೆಯುವುದು ಅಂಚೆಯ ಕೆಲಸ, ಕಾಗದದ ಮೇಲೆ ಬರೆಯುವುದು ಅಂಚೆಯ ಕೆಲಸವಲ್ಲ ಎಂಬ ಸರಳ ಮಾತು ನಿಯಮವಾಗಲು ಯಾಕೆ ಅಷ್ಟು ವರ್ಷ ಬೇಕಾಯಿತು ಎಂದು ಆಗ ತಿಳಿಯಿತು. ತಪ್ಪು ನಡೆದಾಗ ಪತ್ರ ಕಳೆದುಹೋದಂತೆ ಕಾಣುವುದೇ ಇಲ್ಲ. ಅದು ಎಲ್ಲೋ ಒಂದು ಕಡೆ ಸುರಕ್ಷಿತವಾಗಿ ತಲುಪಿರುತ್ತದೆ.

ಹಿಂದಿರುಗಿ ಬಂದ ಪತ್ರ

ನಮ್ಮ ದೇಶದಲ್ಲಿ ಈ ಕಥೆ ಶುರುವಾದದ್ದು 1986ರಲ್ಲಿ ಅರ್ನೆಟ್‌ನಿಂದ. ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ನಡೆಸಿದ ಆ ಯೋಜನೆಯಲ್ಲಿ ಐದು ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದ್ದವು. ಮೊದಲ ದಿನಗಳಲ್ಲಿ ಇಲ್ಲಿಯೂ ಫೋನ್ ಕರೆಯ ಯುಯುಸಿಪಿಯೇ. 1990ರ ದಶಕದ ಸಂಶೋಧನಾ ಲೇಖನಗಳ ಮೊದಲ ಪುಟದ ಅಡಿಯಲ್ಲಿ 'ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಗಳು ನನಗೆ ಸಿಗುತ್ತಿರುತ್ತವೆ. ಸಂಸ್ಥೆ ಈಗ 'ಎಸಿ ಡಾಟ್ ಇನ್' ಎಂಬ ಬಾಲ ಬಳಸುತ್ತದೆ. ಹಳೆಯ ವಿಳಾಸದಲ್ಲಿ ಸಾಗಿಸುವ ಜಾಲದ ಹೆಸರೂ ಸೇರಿತ್ತು, ಹೊಸದರಲ್ಲಿ ಅದಿಲ್ಲ. ದಾರಿಯಿಂದ ಹೆಸರಿಗೆ ಬಂದ ಪಯಣದ ಗುರುತು ಅಲ್ಲಿಯೂ ಇದೆ.

ಈಗ ಕನ್ನಡ ಅಕ್ಷರಗಳಲ್ಲೇ ಇಮೇಲ್ ವಿಳಾಸ ಸಾಧ್ಯ. @ ಗುರುತಿನ ಬಲಕ್ಕೆ '.ಭಾರತ' ಎಂಬ ಕನ್ನಡ ಕೊನೆ ಇದೆ. ಆ ಬಲಭಾಗವನ್ನು ಯಂತ್ರಗಳು ತಮ್ಮೊಳಗೆ ರೋಮನ್ ಅಕ್ಷರಗಳ ಒಂದು ಸಂಕೇತವಾಗಿ ಬದಲಿಸಿಕೊಳ್ಳುತ್ತವೆ, ತೊಂದರೆಯಿಲ್ಲ. ಕಷ್ಟವಿರುವುದು ಎಡಭಾಗದಲ್ಲಿ, ನಮ್ಮ ಹೆಸರಿನಲ್ಲಿ. 2008ರ ಸುಮಾರಿನ ಪ್ರಾಯೋಗಿಕ ನಿಯಮ ಒಂದು ಉಪಾಯ ಹೇಳಿತ್ತು: ಮುಂದಿನ ಸರ್ವರ್‌ಗೆ ಈ ಲಿಪಿ ಗೊತ್ತಿಲ್ಲದಿದ್ದರೆ, ಜೊತೆಗೆ ಕೊಟ್ಟ ರೋಮನ್ ವಿಳಾಸವನ್ನು ಅದರ ಜಾಗದಲ್ಲಿ ಬರೆದು ಮುಂದೆ ಕಳಿಸಬಹುದು. 2012ರಲ್ಲಿ ನಿಯಮ ಪಕ್ಕಾ ಆದಾಗ ಅದನ್ನು ಕೈಬಿಟ್ಟರು. ನಡುದಾರಿಯಲ್ಲಿ ಹೆಸರು ಬದಲಿಸುವಂತಿಲ್ಲ. ಮುಂದಿನವರು ಓದಲಾರರು ಎಂದಾದರೆ ಪತ್ರ ಕಳಿಸಿದವರಿಗೇ ಹಿಂದಿರುಗಬೇಕು.

ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಇದನ್ನು ಬಲ್ಲದು. ಎಲ್ಲ ಸರಿಪಡಿಸಿದ ಮೇಲೆ ಒಂದು ಸಂಜೆ ನಮ್ಮ ಸರ್ವರ್‌ನಲ್ಲಿ ನನ್ನ ಹೆಸರಿನ ಕನ್ನಡ ಪೆಟ್ಟಿಗೆಯೊಂದನ್ನು ತೆರೆದು ನಾಲ್ಕಾರು ಕಡೆ ಪತ್ರ ಹಾಕಿದೆ. ಕೆಲವು ಮುಟ್ಟಿದವು. ಎರಡು ಹಿಂದೆ ಬಂದವು. ಸೆಂಡ್‌ಮೇಲ್‌ನ ಕಾಲದವರಾಗಿದ್ದರೆ ಏನಾದರೂ ತಿದ್ದಿ ಹೇಗಾದರೂ ಮುಟ್ಟಿಸುತ್ತಿದ್ದರು ಎಂದು ಒಂದು ಕ್ಷಣ ಅನಿಸಿತು. ಕನ್ನಡದಲ್ಲಿ ವಿಳಾಸ ಇಟ್ಟುಕೊಳ್ಳುವವರಿಗೆ ಈ ಕಟ್ಟುನಿಟ್ಟು ಸದ್ಯಕ್ಕೆ ನಷ್ಟವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಿಂದೆ ಬಂದ ಪತ್ರದಲ್ಲಿ ನನ್ನ ಹೆಸರು ನಾನು ಬರೆದ ಹಾಗೆಯೇ ಇತ್ತು. ಯಾರು ತೆಗೆದುಕೊಳ್ಳಲಿಲ್ಲ ಎಂಬುದೂ ಅದರಲ್ಲೇ ಬರೆದಿತ್ತು. ತಪ್ಪು ಎಲ್ಲಿದೆ ಎಂದು ಹುಡುಕಲು ನನಗೆ ಎರಡು ವಾರ ಬೇಕಾಗಲಿಲ್ಲ.

ಕೆನಾನಿಕಲ್ ಕಡತ ಈಗ ಖಾಲಿ. ವರ್ಚುವಲ್ ಕಡತದ ತಲೆಯಲ್ಲಿ, ನನ್ನ ನಂತರ ಬರುವವರಿಗಾಗಿ, ನಡೆದದ್ದನ್ನು ಕನ್ನಡದಲ್ಲಿ ಐದು ಸಾಲು ಬರೆದಿಟ್ಟಿದ್ದೇನೆ. 'ಸ್ವಾಪ್ ಬ್ಯಾಂಗ್‌ಪಾತ್' ಎದುರಿನ 'ಯೆಸ್' ಅನ್ನು ಮುಟ್ಟಲಿಲ್ಲ.